ಮಾರಾಟಕ್ಕಿದೆ ಕಡಲಂಚಿನ ಮನೆ: ವೇಲ್ಸ್ ತೀರದ ಒಂದು ಚರಿತ್ರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆ ಕಟ್ಟುವ ಕಷ್ಟದ ಬಗ್ಗೆ ಇಷ್ಟು ಖಚಿತವಾಗಿ ಹೇಳಿದ ನಮ್ಮ ಹಿರಿಯರು, ಮನೆ ಮಾರುವ ಕಷ್ಟದ ಬಗ್ಗೆ ಅಷ್ಟೇ ಹೆಸರಾದ ಗಾದೆಯೊಂದನ್ನು ಬಿಟ್ಟುಹೋಗಲಿಲ್ಲ. ಆದರೆ ಬ್ರಿಟನ್ ದ್ವೀಪದ ಪಶ್ಚಿಮ ಅಂಚಿನಲ್ಲಿರುವ ವೇಲ್ಸ್ ಎಂಬ ಸಣ್ಣ ನಾಡಿನಲ್ಲಿ ಮನೆ ಮಾರುವುದೇ ಕಳೆದ ಅರ್ಧ ಶತಮಾನದ ದೊಡ್ಡ ಪ್ರಶ್ನೆಗಳಲ್ಲಿ ಒಂದಾಗಿದೆ. ಅದಕ್ಕಾಗಿ ಜನ ಮೆರವಣಿಗೆ ಹೊರಟಿದ್ದಾರೆ, ಶಾಸನಗಳು ಬಂದಿವೆ, ಮನೆಗಳಿಗೆ ಬೆಂಕಿಯೂ ಬಿದ್ದಿದೆ.

ಅಲ್ಲಿಯ ಕಡಲ ತೀರದ ಊರುಗಳಲ್ಲಿ ಮಾರಾಟದ ಮನೆಗಳ ಮುಂದೆ ನೆಟ್ಟ ಹಲಗೆಯ ಮೇಲೆ ಇಂಗ್ಲಿಷಿನ ಜೊತೆಗೆ ವೆಲ್ಷ್ ಭಾಷೆಯಲ್ಲಿ 'ಆರ್ ವೆರ್ಥ್' ಎಂದು ಬರೆದಿರುವುದುಂಟು. 'ಮಾರಾಟಕ್ಕಿದೆ' ಎಂದು ಅದರ ಅರ್ಥ. ಈ ಮಾತಿನ ಮೂಲದಲ್ಲಿರುವ 'ಗ್ವೆರ್ಥ್' ಎಂಬ ಪದಕ್ಕೆ ಬೆಲೆ ಎಂಬ ಅರ್ಥವೂ ಇದೆ, ಮೌಲ್ಯ ಎಂಬ ಅರ್ಥವೂ ಇದೆ. ಒಂದೇ ಪದದಲ್ಲಿ ಅಡಗಿರುವ ಈ ಎರಡು ಅರ್ಥಗಳ ನಡುವಿನ ಜಗ್ಗಾಟವೇ ವೇಲ್ಸ್ ತೀರದ ಮನೆಗಳ ಚರಿತ್ರೆ ಎಂದರೆ ತಪ್ಪಾಗಲಾರದು. ಕಡಲಿಗೆ ಮುಖಮಾಡಿದ ವಿಶಾಲವಾದ ಮನೆ, ದೊಡ್ಡ ಕುಟುಂಬಕ್ಕೆ ಸಾಕಾಗುವಷ್ಟು ಕೋಣೆಗಳು, ನೀರಿನವರೆಗೆ ಇಳಿಯುವ ತೋಟ ಎಂದು ಜಾಹೀರಾತು ವರ್ಣಿಸುತ್ತದೆ. ಆ ಮನೆ ಅಲ್ಲಿಗೆ ಬಂದದ್ದು ಹೇಗೆ, ಅದನ್ನು ಕಟ್ಟಿದವರು ಯಾರು, ಅದರೊಳಗೆ ಯಾವ ಮಾತು ಕೇಳಿಸುತ್ತಿತ್ತು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಚರಿತ್ರೆ.

ಕಡಲಿಗೆ ಬೆನ್ನು ಹಾಕಿದ ಮನೆಗಳು

ವೇಲ್ಸ್ ಮೂರು ಕಡೆ ಕಡಲು ಸುತ್ತುವರಿದ ನಾಡು. ತೀರದುದ್ದಕ್ಕೂ ನಡೆದುಹೋಗಬಹುದಾದ ಕಾಲುದಾರಿಯೊಂದು 2012ರ ಮೇ ತಿಂಗಳಿನಲ್ಲಿ ಅಲ್ಲಿ ಆರಂಭವಾಯಿತು. ಅದರ ಉದ್ದ ಸುಮಾರು 1,400 ಕಿಲೋಮೀಟರ್. ಇಷ್ಟು ಉದ್ದದ ತೀರವಿದ್ದರೂ ಹಿಂದಿನ ಕಾಲದ ವೆಲ್ಷ್ ಜನರಿಗೆ ಕಡಲು ನೋಡಿ ನಲಿಯುವ ವಸ್ತುವಾಗಿರಲಿಲ್ಲ. ಕಡಲಿನಿಂದ ಬರುತ್ತಿದ್ದದ್ದು ಬಿರುಗಾಳಿ, ಉಪ್ಪು ನೀರು ಮತ್ತು ಶತ್ರುಗಳು.

ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡ್ 1282-83ರಲ್ಲಿ ಉತ್ತರ ವೇಲ್ಸನ್ನು ಗೆದ್ದುಕೊಂಡ ಮೇಲೆ ತೀರದುದ್ದಕ್ಕೂ ಕೋಟೆಗಳನ್ನು ಕಟ್ಟಿಸಿದನು. ಕಾನ್ವಿ, ಕೆರ್ನಾರ್ವನ್, ಹಾರ್ಲೆಕ್ ಕೋಟೆಗಳ ಕೆಲಸ 1283ರಲ್ಲಿಯೂ ಬ್ಯೂಮಾರಿಸ್ ಕೋಟೆಯ ಕೆಲಸ 1295ರಲ್ಲಿಯೂ ಆರಂಭವಾದವು. ಇವು ಕಡಲನ್ನು ಅವಲಂಬಿಸಿದ ಕೋಟೆಗಳು. ಒಳನಾಡಿನ ದಾರಿಗಳು ಮುಚ್ಚಿಹೋದರೂ ಹಡಗಿನ ಮೂಲಕ ದವಸ ಧಾನ್ಯ ತಲುಪಬೇಕೆಂಬುದು ಉದ್ದೇಶ. ಕಾನ್ವಿ ಮತ್ತು ಕೆರ್ನಾರ್ವನ್‌ಗಳಲ್ಲಿ ಕೋಟೆಗೆ ಅಂಟಿಕೊಂಡಂತೆ ಗೋಡೆಯೊಳಗೊಂದು ಪಟ್ಟಣವೂ ಹುಟ್ಟಿತು. ಆ ಪಟ್ಟಣಗಳಲ್ಲಿ ನಿವೇಶನ ಮತ್ತು ವ್ಯಾಪಾರದ ಹಕ್ಕು ದೊರೆತದ್ದು ಮೊದಮೊದಲು ಇಂಗ್ಲೆಂಡಿನಿಂದ ಕರೆತಂದ ಒಕ್ಕಲುಗಳಿಗೆ. ನೀರಿನ ಅಂಚಿನ ಒಳ್ಳೆಯ ಮನೆ ಯಾರದಾಗಬೇಕು ಎಂಬ ಪ್ರಶ್ನೆಗೆ ಹೀಗೆ ಏಳು ಶತಮಾನಗಳ ಹಿನ್ನೆಲೆಯಿದೆ.

ಗೋಡೆಯ ಹೊರಗಿನ ವೆಲ್ಷ್ ರೈತ ಮತ್ತು ಮೀನುಗಾರ ಕಟ್ಟಿಕೊಂಡ ಮನೆ ಬೇರೆಯೇ ಬಗೆಯದು. ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಒಂದೇ ಅಂತಸ್ತು, ಮಲಗುವುದಕ್ಕೆ ಮಾಡಿನ ಕೆಳಗೊಂದು ಅಟ್ಟ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿ, ಗುಡ್ಡದ ಮರೆಯಲ್ಲಿ ಮುದುಡಿ ಕುಳಿತ ಮನೆ ಅದು. ಒಂದೇ ರಾತ್ರಿಯಲ್ಲಿ ಊರೊಟ್ಟಿನ ನೆಲದ ಮೇಲೆ ಗೋಡೆ ಎಬ್ಬಿಸಿ, ಮಾಡು ಹೊದಿಸಿ, ಬೆಳಗಾಗುವುದರೊಳಗೆ ಒಲೆಯ ಹೊಗೆ ಮೇಲೇಳುವಂತೆ ಮಾಡಿದರೆ ಆ ಮನೆ ಕಟ್ಟಿದವನದೇ ಆಗುತ್ತದೆ ಎಂಬ ನಂಬಿಕೆ ಆ ಜನರಲ್ಲಿತ್ತು. ಇದಕ್ಕೆ 'ಟೀ ಇನ್ನೋಸ್', ಅಂದರೆ ಒಂದಿರುಳ ಮನೆ ಎಂದು ಹೆಸರು. ಕಾನೂನಿನಲ್ಲಿ ಇದಕ್ಕೆ ಆಧಾರವಿರಲಿಲ್ಲ. ಆದರೂ ಮನೆಯ ಮೇಲಿನ ಹಕ್ಕು ಹಣದಿಂದಲ್ಲ, ಅದರೊಳಗೆ ಉರಿಯುವ ಒಲೆಯಿಂದ ಬರುತ್ತದೆ ಎಂಬ ಭಾವನೆ ಈ ನಂಬಿಕೆಯ ಹಿಂದಿರುವುದನ್ನು ಗಮನಿಸಬೇಕು.

ಇನ್ನೊಂದು ಹಳೆಯ ಪದ್ಧತಿಯನ್ನೂ ಇಲ್ಲಿ ನೆನೆಯಬಹುದು. ಬೇಸಿಗೆಯಲ್ಲಿ ದನಕರುಗಳನ್ನು ಹೊಡೆದುಕೊಂಡು ಬೆಟ್ಟ ಹತ್ತಿ, ಅಲ್ಲಿಯ ಹುಲ್ಲುಗಾವಲಿನ ಪಕ್ಕದ ಗುಡಿಸಿಲಿನಲ್ಲಿ ವಾಸಮಾಡುವುದು. ಚಳಿ ಬಂದಾಗ ತಗ್ಗಿನ ಊರಿಗೆ, ಮೂಲಮನೆಗೆ ಮರಳುವುದು. ಬೆಟ್ಟದ ಬೇಸಿಗೆಮನೆಗೆ 'ಹಾವೋದ್' ಎಂದೂ ತಗ್ಗಿನ ಮೂಲಮನೆಗೆ 'ಹೆಂದ್ರೆ' ಎಂದೂ ಹೆಸರು. ಒಂದೇ ಕುಟುಂಬಕ್ಕೆ ಎರಡು ಮನೆಯಿರುವುದು ವೇಲ್ಸಿಗೆ ಹೊಸದೇನಲ್ಲ. ಆದರೆ ಆ ಎರಡೂ ಮನೆಗಳು ಒಂದೇ ನೆಲಕ್ಕೆ, ಒಂದೇ ದುಡಿಮೆಗೆ ಸೇರಿದ್ದವು. ಮುಂದಿನ ಕಥೆಗೆ ಈ ಎರಡು ಪದಗಳು ನಮಗೆ ಬೇಕಾಗುತ್ತವೆ.

ಕಪ್ತಾನರ ಕಾಲ

ಕಡಲಿಗೆ ಬೆನ್ನು ಹಾಕಿದ್ದ ಮನೆ ಕಡಲ ಕಡೆಗೆ ತಿರುಗಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಕಾರಣ ನೌಕಾವ್ಯಾಪಾರ. ಆಬರ್‌ಏರೊನ್ ಎಂಬ ಪಟ್ಟಣವನ್ನು ನೋಡಿ. ಅಲ್ಲಿ ಬಂದರು ಕಟ್ಟಲು ಆಲ್ಬನ್ ತಾಮಸ್ ಜೋನ್ಸ್ ಗ್ವಿನ್ ಎಂಬ ಪಾದ್ರಿಗೆ 1807ರಲ್ಲಿ ಪಾರ್ಲಿಮೆಂಟಿನ ಶಾಸನದ ಮೂಲಕ ಅನುಮತಿ ದೊರೆಯಿತು. ಬಂದರಿನ ಸುತ್ತ ಅಚ್ಚುಕಟ್ಟಾಗಿ ಬೀದಿ ಬಿಡಿಸಿ ಕಟ್ಟಿದ ಮನೆಗಳ ಸಾಲು ಈಗಲೂ ಬಣ್ಣಬಣ್ಣವಾಗಿ ನಿಂತಿದೆ.

ಉತ್ತರದ ಪೋರ್ತ್‌ಮಾಡೊಗ್‌ನ ಕಥೆ ಇನ್ನೂ ಸ್ವಾರಸ್ಯಕರವಾದುದು. ವಿಲಿಯಂ ಮಾಡಕ್ಸ್ ಎಂಬಾತ ಗ್ಲಾಸ್ಲಿನ್ ನದಿಯ ಅಳಿವೆಗೆ ಅಡ್ಡಲಾಗಿ ಹಾಕಿಸಿದ ಒಡ್ಡು 1811ರಲ್ಲಿ ಪೂರ್ಣಗೊಂಡಿತು. ಮರುವರ್ಷವೇ ಬಿರುಗಾಳಿಗೆ ಒಡೆದು, ಮತ್ತೆ ಕಟ್ಟಬೇಕಾಯಿತು. ಒಡ್ಡಿನ ಪಕ್ಕದಲ್ಲಿ ಬಂದರು ಬಂತು. ಬೆಟ್ಟದ ಮೇಲಿನ ಗಣಿಗಳಿಂದ ಸ್ಲೇಟು ಕಲ್ಲನ್ನು ಇಳಿಸುವ ಫೆಸ್ಟಿನಿಯೊಗ್ ರೈಲುದಾರಿ 1836ರಲ್ಲಿ ತೆರೆಯಿತು. ಕಲ್ಲು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ಬಂದರಿಗೆ ಇಳಿಯುತ್ತಿದ್ದವು. ಬರಿದಾದ ಗಾಡಿಗಳನ್ನು ಮೊದಲಿಗೆ ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಹಾಂಬುರ್ಗ್ ನಗರ 1842ರಲ್ಲಿ ಬೆಂಕಿಗೆ ಆಹುತಿಯಾದಾಗ ಅದನ್ನು ಮರಳಿ ಕಟ್ಟುವಲ್ಲಿ ಮಾಡಿಗೆ ಹೊದಿಸಲು ವೇಲ್ಸಿನ ಸ್ಲೇಟು ಹೋಯಿತು. ನಮ್ಮ ಬಾಲ್ಯದಲ್ಲಿ ಅಕ್ಷರ ತಿದ್ದಿದ ಸ್ಲೇಟಿನಂಥದೇ ಕಲ್ಲು, ಅರ್ಧ ಯುರೋಪಿನ ಮನೆಗಳ ಮೇಲೆ ಮಳೆ ತಡೆಯುತ್ತಿತ್ತು.

ಈ ಕಲ್ಲನ್ನು ಒಯ್ಯುವ ಹಡಗುಗಳ ಒಡೆತನ ವಿಶೇಷವಾದುದು. ಬ್ರಿಟಿಷ್ ಪದ್ಧತಿಯಂತೆ ಒಂದು ಹಡಗನ್ನು 64 ಪಾಲುಗಳನ್ನಾಗಿ ವಿಂಗಡಿಸುತ್ತಿದ್ದರು. ಅಂಗಡಿಯವರು, ರೈತರು, ಗಣಿಗೆಲಸದವರು, ವಿಧವೆಯರು ಒಂದೋ ಎರಡೋ ಪಾಲು ಕೊಳ್ಳುತ್ತಿದ್ದರು. ರೈತನ ಮಗ ಹದಿಮೂರು ಹದಿನಾಲ್ಕರ ಹರೆಯದಲ್ಲಿ ಅಡುಗೆಯ ಹುಡುಗನಾಗಿ ಹಡಗು ಹತ್ತಿ, ಪರೀಕ್ಷೆಗಳನ್ನು ದಾಟಿ, ಮೂವತ್ತು ತುಂಬುವುದರೊಳಗೆ ಕಪ್ತಾನನಾಗುವುದು ಸಾಧ್ಯವಿತ್ತು. ಹಾಗೆ ಕಪ್ತಾನನಾದವನು ಊರಿಗೆ ಬಂದು ಕಟ್ಟಿಸಿದ್ದೇ ಕಡಲಿಗೆ ಎದುರಾದ ದೊಡ್ಡ ಮನೆ. ಪೋರ್ತ್‌ಮಾಡೊಗ್ ಪಕ್ಕದ ಬೋರ್ತ್-ಅ-ಗೆಸ್ಟ್ ಎಂಬ ಹಡಗು ಕಟ್ಟುವ ಹಳ್ಳಿಯಲ್ಲಿ ಕೊಲ್ಲಿಯನ್ನು ಬಳಸಿ ನಿಂತ ಮನೆಗಳ ಸಾಲು ಇದಕ್ಕೆ ಒಳ್ಳೆಯ ಉದಾಹರಣೆ. ಇಂದಿನ ಜಾಹೀರಾತು ವರ್ಣಿಸುವ ವಿಶಾಲವಾದ ಮನೆಗಳಲ್ಲಿ ಅನೇಕವು ಈ ಪೀಳಿಗೆಗೆ ಸೇರಿದವು. ಆ ಅಗಲವಾದ ಕಿಟಕಿಯ ಬಳಿ ನಿಂತವಳು ಸೂರ್ಯಾಸ್ತ ನೋಡಲು ನಿಂತವಳಲ್ಲ. ತಿಂಗಳುಗಟ್ಟಲೆ ಸುದ್ದಿಯಿಲ್ಲದ ಗಂಡನ ಹಡಗು ಬಂತೇ ಎಂದು ನೋಡಲು ನಿಂತವಳು.

ಹೆಂಗಸರು ಬರಿಯ ದಾರಿ ಕಾಯುವವರಾಗಿಯೇ ಉಳಿಯಲಿಲ್ಲ. ಲಾಂಗ್ರಾನೊಗ್ ಎಂಬ ತೀರದ ಹಳ್ಳಿಯಲ್ಲಿ ಕಪ್ತಾನನೊಬ್ಬನ ಮಗಳಾಗಿ 1839ರಲ್ಲಿ ಹುಟ್ಟಿದ ಸೇರಾ ಜೇನ್ ರೀಸ್, ನಕ್ಷತ್ರ ನೋಡಿ ಹಡಗು ನಡೆಸುವ ವಿದ್ಯೆಯನ್ನು ಕಲಿತು, ಅದನ್ನು ಊರಿನ ಗಂಡುಮಕ್ಕಳಿಗೆ ಕಲಿಸಿದಳು. 'ಕ್ರಾನೊಗ್ವೆನ್' ಎಂಬ ಕಾವ್ಯನಾಮದಿಂದ 1865ರ ರಾಷ್ಟ್ರೀಯ ಕವಿಸ್ಪರ್ಧೆಯಲ್ಲಿ ಬಹುಮಾನ ಪಡೆದವಳೂ ಆಕೆಯೇ. 2023ರಲ್ಲಿ ಆಕೆಯ ಊರಿನಲ್ಲಿ ಪ್ರತಿಮೆಯೊಂದನ್ನು ಸ್ಥಾಪಿಸಲಾಯಿತು. ಆಕೆಯ ಕವಿತೆಯ ಭಾಷೆ ವೆಲ್ಷ್. ಆ ತೀರದ ದಿನನಿತ್ಯದ ಭಾಷೆಯೂ ಅದೇ.

ಈ ಸಂಪತ್ತಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಆಸ್ಟ್ರೇಲಿಯದಿಂದ ಚಿನ್ನ ಹೊತ್ತು ಲಿವರ್‌ಪೂಲ್‌ಗೆ ಹೊರಟಿದ್ದ 'ರಾಯಲ್ ಚಾರ್ಟರ್' ಹಡಗು 1859ರ ಅಕ್ಟೋಬರ್ 26ರಂದು ಆಂಗಲ್ಸಿ ದ್ವೀಪದ ಮೊಯೆಲ್ವ್ರೆ ಹಳ್ಳಿಯ ಬಂಡೆಗಳಿಗೆ ಬಡಿದು ಒಡೆಯಿತು. ಮನೆಗಳು ಕಣ್ಣಳತೆಯಲ್ಲಿದ್ದರೂ ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ತೀರದ ಇಗರ್ಜಿಗಳ ಅಂಗಳದಲ್ಲಿರುವ ಗೋರಿಕಲ್ಲುಗಳಲ್ಲಿ 'ಕಡಲಿನಲ್ಲಿ ತೀರಿಕೊಂಡರು' ಎಂಬ ಒಕ್ಕಣೆ ಮೇಲಿಂದ ಮೇಲೆ ಕಾಣುತ್ತದೆ. ಅಂಥ ಎಷ್ಟೋ ಕಲ್ಲುಗಳ ಕೆಳಗೆ ದೇಹಗಳಿಲ್ಲ.

ದುಡಿಮೆಯ ಕಡಲು ನೋಟದ ಕಡಲಾದದ್ದು

ಪೋರ್ತ್‌ಮಾಡೊಗ್‌ನಲ್ಲಿ ಕಟ್ಟಿದ ಕೊನೆಯ ದೊಡ್ಡ ಹಡಗಿನ ಹೆಸರು 'ಗೆಸ್ಟಿಯಾನಾ'. 1913ರಲ್ಲಿ ನೀರಿಗಿಳಿದ ಅದು ತನ್ನ ಮೊದಲ ಯಾನದಲ್ಲಿಯೇ ನಾಶವಾಯಿತು. ಮರುವರ್ಷ ಯುದ್ಧ ಬಂದು ಜರ್ಮನಿಯ ಸ್ಲೇಟು ಮಾರುಕಟ್ಟೆ ಮುಚ್ಚಿತು. ಕಪ್ತಾನರ ಕಾಲ ಅಲ್ಲಿಗೆ ಮುಗಿಯಿತೆನ್ನಬಹುದು.

ಆ ಹೊತ್ತಿಗೆ ತೀರಕ್ಕೆ ಬೇರೆ ಬಗೆಯ ಜನ ಬರತೊಡಗಿದ್ದರು. ಆಬರಿಸ್ಟ್ವಿತ್ ಪಟ್ಟಣಕ್ಕೆ 1864ರಲ್ಲಿಯೂ ಪುಲ್ಹೆಲಿಗೆ 1867ರಲ್ಲಿಯೂ ರೈಲು ಬಂದಿತ್ತು. ಇಂಗ್ಲೆಂಡಿನ ಕೈಗಾರಿಕಾ ನಗರಗಳ ಹೊಗೆಯಿಂದ ಪಾರಾಗಲು ಕುಟುಂಬಗಳು ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತಿದ್ದವು. ಕಪ್ತಾನರ ವಿಧವೆಯರು ದೊಡ್ಡ ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ಅಡುಗೆ ಮಾಡಿಹಾಕಿ ಜೀವನ ಸಾಗಿಸಿದರು. ಮನೆಯೊಡತಿ ಇನ್ನೂ ಊರಿನವಳೇ. ಅತಿಥಿ ಮಾತ್ರ ಹೊರಗಿನವನು.

ಕಡಲ ನೋಟಕ್ಕೆ ಬೆಲೆ ಬರುತ್ತಿದೆ ಎಂಬುದನ್ನು ಕೆಲವರು ಬೇಗನೆ ಕಂಡುಕೊಂಡರು. ಬಾರ್ಮತ್ ಪಟ್ಟಣದ ಮೇಲಿನ 'ದಿನಾಸ್ ಓಲೈ' ಎಂಬ ಗುಡ್ಡದ ನಾಲ್ಕೂವರೆ ಎಕರೆ ನೆಲವನ್ನು ಫ್ಯಾನಿ ಟಾಲ್ಬಟ್ ಎಂಬ ಮಹಿಳೆ 1895ರಲ್ಲಿ ಆಗತಾನೆ ಹುಟ್ಟಿದ್ದ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ದಾನಮಾಡಿದಳು. ಅದು ಆ ಸಂಸ್ಥೆಗೆ ದೊರೆತ ಮೊಟ್ಟಮೊದಲ ಆಸ್ತಿ. ಯಾರೂ ಕೊಳ್ಳಲಾಗದಂತೆ, ಎಲ್ಲರೂ ನೋಡುವಂತೆ ಆ ನೆಲ ಉಳಿಯಿತು. ಆದರೆ ತೀರವನ್ನೆಲ್ಲ ದಾನವಾಗಿ ಕೊಡುವ ಫ್ಯಾನಿ ಟಾಲ್ಬಟ್‌ಗಳು ಎಲ್ಲಿಂದ ಬರಬೇಕು?

ಎರಡನೆಯ ಮಹಾಯುದ್ಧದ ನಂತರ ಕಾರು ಜನಸಾಮಾನ್ಯರ ಕೈಗೆಟುಕಿತು, ರಸ್ತೆಗಳು ಸುಧಾರಿಸಿದವು. ಇದೇ ಕಾಲಕ್ಕೆ ಸ್ಲೇಟು ಗಣಿಗಳು ಒಂದೊಂದಾಗಿ ಮುಚ್ಚಿದವು. ದೊಡ್ಡ ಗಣಿಗಳಲ್ಲೊಂದಾದ ದಿನೋರ್ವಿಗ್ 1969ರಲ್ಲಿ ನಿಂತುಹೋಯಿತು. ಕೆಲಸ ಹುಡುಕಿಕೊಂಡು ಮಕ್ಕಳು ನಗರ ಸೇರಿದರು. ತಂದೆತಾಯಿ ತೀರಿಕೊಂಡಾಗ ಉಳಿದ ಮನೆಯನ್ನು ಏನು ಮಾಡಬೇಕು? ಊರಿನ ಯುವಕ ಕೊಡಬಲ್ಲ ಹಣಕ್ಕೂ, ನಗರದಲ್ಲಿ ಸಂಪಾದಿಸಿದವನು ಕೊಡಬಲ್ಲ ಹಣಕ್ಕೂ ಅಜಗಜಾಂತರ. ಮಾರಿದವರು ಊರಿನವರೇ ಎಂಬುದನ್ನು ಮರೆಯಬಾರದು. ಮಾರದೆ ಅವರಿಗೂ ಗತಿಯಿರಲಿಲ್ಲ ಎಂಬುದನ್ನೂ ಮರೆಯಬಾರದು. ಕೊಂಡವನೂ ದುಷ್ಟನಲ್ಲ, ಜೀವಮಾನವೆಲ್ಲ ಕಾರ್ಖಾನೆಯ ನಗರದಲ್ಲಿ ದುಡಿದು, ಕಡಲ ಗಾಳಿಗಾಗಿ ಹಂಬಲಿಸಿದವನು. ಆದರೆ ಒಟ್ಟು ಪರಿಣಾಮ ಒಂದೇ. ಯಾವುದು ಕಪ್ತಾನನ ಹೆಂದ್ರೆಯಾಗಿತ್ತೋ ಅದು ಇನ್ಯಾರದೋ ಹಾವೋದ್ ಆಯಿತು. ಹಿಂದೆ ಚಳಿಗಾಲದಲ್ಲಿ ಬೆಟ್ಟದ ಮನೆಗೆ ಬೀಗ ಬೀಳುತ್ತಿತ್ತು. ಈಗ ತೀರದ ಊರಿಗೇ ಬೀಗ ಬೀಳತೊಡಗಿತು.

ಬೆಂಕಿ

1901ರ ಜನಗಣತಿಯಲ್ಲಿ ವೇಲ್ಸಿನ ಸುಮಾರು ಅರ್ಧದಷ್ಟು ಜನ ವೆಲ್ಷ್ ಮಾತನಾಡುತ್ತಿದ್ದರು. ಸಾಹಿತಿ ಸಾಂಡರ್ಸ್ ಲೂಯಿಸ್ 1962ರ ಫೆಬ್ರವರಿಯಲ್ಲಿ ಬಿ.ಬಿ.ಸಿ. ರೇಡಿಯೋದಲ್ಲಿ 'ಭಾಷೆಯ ಹಣೆಬರಹ' ಎಂಬ ಅರ್ಥದ ಹೆಸರಿನಲ್ಲಿ ಭಾಷಣ ಮಾಡಿ, ಹೀಗೇ ಬಿಟ್ಟರೆ ವೆಲ್ಷ್ ಉಳಿಯದು ಎಂದು ಎಚ್ಚರಿಸಿದರು. ಒಂದು ಬಾನುಲಿ ಭಾಷಣ ಒಂದು ಚಳವಳಿಯನ್ನೇ ಹುಟ್ಟಿಸಿದ್ದು ಅಪರೂಪ. ಅದೇ ವರ್ಷ ವೆಲ್ಷ್ ಭಾಷಾ ಸಂಘ ಸ್ಥಾಪನೆಯಾಯಿತು. ಶಾಲೆ, ನ್ಯಾಯಾಲಯ, ದೂರದರ್ಶನಗಳಲ್ಲಿ ಭಾಷೆಗೆ ಜಾಗ ಕೇಳಿದ ಹೋರಾಟ, ಮುಂದೆ ಮನೆಯ ಪ್ರಶ್ನೆಗೆ ಬಂದು ನಿಂತಿತು. ನೆರೆಹೊರೆಯಿಲ್ಲದೆ ಭಾಷೆಯಿಲ್ಲ; ವರ್ಷದ ಹತ್ತು ತಿಂಗಳು ಬೀಗ ಹಾಕಿದ ಬೀದಿಯಲ್ಲಿ ನೆರೆಹೊರೆಯಿಲ್ಲ.

ಈ ಸಿಟ್ಟು ಒಂದು ಕಡೆ ಬೆಂಕಿಯ ರೂಪ ತಾಳಿತು. 1979ರ ಡಿಸೆಂಬರಿನಲ್ಲಿ ಆರಂಭವಾಗಿ 1990ರ ದಶಕದ ಮೊದಲ ವರ್ಷಗಳವರೆಗೆ ಖಾಲಿ ಇದ್ದ ರಜೆಯ ಮನೆಗಳಿಗೆ ಬೆಂಕಿ ಬೀಳುತ್ತಲೇ ಇತ್ತು. ಇನ್ನೂರಕ್ಕೂ ಹೆಚ್ಚು ದಾಳಿಗಳು ನಡೆದವು. 'ಗ್ಲಿಂಡೂರನ ಮಕ್ಕಳು' ಎಂಬ ಅರ್ಥದ ಹೆಸರಿನ ಗುಪ್ತ ಗುಂಪು ಇದರ ಹೊಣೆ ಹೊತ್ತಿತು. 1993ರಲ್ಲಿ ಅಂಚೆಯ ಮೂಲಕ ಸ್ಫೋಟಕ ಕಳುಹಿಸಿದ್ದಕ್ಕಾಗಿ ಒಬ್ಬನಿಗೆ ಶಿಕ್ಷೆಯಾಯಿತು. ಮನೆ ಸುಟ್ಟವರಲ್ಲಿ ಹೆಚ್ಚಿನವರು ಯಾರೆಂಬುದು ಪತ್ತೆಯಾಗಲೇ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಬೆಂಕಿಯನ್ನು ನೆನೆಯಬೇಕು. ಲೀನ್ ಪರ್ಯಾಯದ್ವೀಪದಲ್ಲಿ, ಪುಲ್ಹೆಲಿಯ ಹತ್ತಿರ, ಪೆನಿಬರ್ತ್ ಎಂಬ ಹಳೆಯ ಮನೆಯನ್ನು ಕೆಡವಿ ಸರ್ಕಾರ ಬಾಂಬು ಹಾಕುವ ತರಬೇತಿ ಶಾಲೆ ಕಟ್ಟಹೊರಟಿತ್ತು. 1936ರ ಸೆಪ್ಟೆಂಬರ್ 8ರಂದು ಸಾಂಡರ್ಸ್ ಲೂಯಿಸ್, ಶಿಕ್ಷಕ ಡಿ.ಜೆ. ವಿಲಿಯಮ್ಸ್, ಪಾದ್ರಿ ಲೂಯಿಸ್ ವ್ಯಾಲೆಂಟೈನ್ ಅಲ್ಲಿಯ ಸಾಮಗ್ರಿಗೆ ಬೆಂಕಿಯಿಟ್ಟು, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡರು. ಕೆರ್ನಾರ್ವನ್ ಪಂಚರಲ್ಲಿ ಒಮ್ಮತ ಮೂಡಲಿಲ್ಲ. ಲಂಡನ್ನಿನಲ್ಲಿ ಮತ್ತೆ ವಿಚಾರಣೆ ನಡೆದು ಮೂವರೂ ಒಂಬತ್ತು ತಿಂಗಳ ಸೆರೆವಾಸದ ಶಿಕ್ಷೆ ಪಡೆದರು. ತಪ್ಪೋ ಸರಿಯೋ, ಮಾಡಿದ್ದಕ್ಕೆ ಹೆಸರು ಕೊಟ್ಟು ನಿಂತ ಬೆಂಕಿ ಅದು. ಕತ್ತಲಲ್ಲಿ ಬಂದು ಕತ್ತಲಲ್ಲಿ ಹೋದ ಎರಡನೆಯ ಬೆಂಕಿಯಿಂದ ಒಂದು ವೆಲ್ಷ್ ಕುಟುಂಬಕ್ಕೂ ಮನೆ ದೊರೆಯಲಿಲ್ಲ.

ಕಾನೂನು ಮತ್ತು ಕಡಲು

ಬೆಂಕಿ ಮಾಡಲಾಗದ್ದನ್ನು ಕಾನೂನು ಮಾಡಬಹುದೇ ಎಂಬ ಪ್ರಯತ್ನ ಈಗ ನಡೆದಿದೆ. ವೇಲ್ಸಿಗೆ ತನ್ನದೇ ಶಾಸನಸಭೆ ಬಂದದ್ದು 1999ರಲ್ಲಿ. 2014ರ ವಸತಿ ಶಾಸನದ ಪ್ರಕಾರ, ಎರಡನೆಯ ಮನೆಗಳ ಮೇಲೆ ದುಪ್ಪಟ್ಟು ಕಂದಾಯ ಹಾಕುವ ಅಧಿಕಾರ 2017ರ ಏಪ್ರಿಲ್‌ನಿಂದ ಸ್ಥಳೀಯ ಆಡಳಿತಗಳಿಗೆ ದೊರೆಯಿತು. 2023ರ ಏಪ್ರಿಲ್‌ನಿಂದ ಈ ಹೆಚ್ಚುವರಿಯ ಮಿತಿಯನ್ನು 300 ಪ್ರತಿಶತಕ್ಕೆ ಏರಿಸಲಾಯಿತು; ಗ್ವಿನೆದ್ ಜಿಲ್ಲೆ ಆ ವರ್ಷ 150 ಪ್ರತಿಶತ ಹೆಚ್ಚುವರಿ ವಿಧಿಸಿತು. ರಜೆಯ ಬಾಡಿಗೆ ಮನೆ ಎಂದು ಹೇಳಿ ತಪ್ಪಿಸಿಕೊಳ್ಳುವವರಿಗಾಗಿ, ವರ್ಷದಲ್ಲಿ ಕನಿಷ್ಠ 182 ದಿನ ನಿಜವಾಗಿಯೂ ಬಾಡಿಗೆಗೆ ಹೋಗಿರಬೇಕೆಂಬ ನಿಯಮ ಬಂತು. ವಾಸದ ಮನೆ, ಎರಡನೆಯ ಮನೆ, ಅಲ್ಪಾವಧಿ ಬಾಡಿಗೆಯ ಮನೆ ಎಂದು 2022ರ ಅಕ್ಟೋಬರಿನಲ್ಲಿ ಮೂರು ವರ್ಗಗಳಾದವು. ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಿಸಲು ಅನುಮತಿ ಬೇಕೆಂಬ ನಿಯಮವನ್ನು ಗ್ವಿನೆದ್ 2024ರ ಸೆಪ್ಟೆಂಬರಿನಲ್ಲಿ ಜಾರಿಗೆ ತಂದಾಗ, ತಮ್ಮ ಮನೆಯ ಬೆಲೆ ಕುಸಿಯುತ್ತದೆ ಎಂದು ಸ್ಥಳೀಯರೇ ಕೆಲವರು ವಿರೋಧಿಸಿದರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅವರ ಆತಂಕವನ್ನು ಸ್ವಾರ್ಥ ಎಂದು ತಳ್ಳಿಹಾಕುವಂತಿಲ್ಲ. ಬಡವನಿಗೆ ಮನೆಯೊಂದೇ ಆಸ್ತಿ.

ಕಾನೂನು ತಡವಾಗಿ ಬಂತೆಂಬುದಕ್ಕೆ ಆಬರ್‌ಸೋಕ್ ಎಂಬ ಲೀನ್ ಪರ್ಯಾಯದ್ವೀಪದ ಹಳ್ಳಿ ಸಾಕ್ಷಿ. ಅಲ್ಲಿ ವಿದ್ಯುತ್ತಾಗಲಿ ನೀರಾಗಲಿ ಇಲ್ಲದ ಮರದ ಕಡಲಗುಡಿಸಲೊಂದು ಲಕ್ಷ ಪೌಂಡಿಗೂ ಮೀರಿ ಮಾರಾಟವಾದದ್ದುಂಟು. ಅದೇ ಊರಿನ ಪ್ರಾಥಮಿಕ ಶಾಲೆ, ಹತ್ತು ಮಕ್ಕಳೂ ಇಲ್ಲದ ಕಾರಣ, 2021ರ ಡಿಸೆಂಬರಿನಲ್ಲಿ ಮುಚ್ಚಿತು. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಮೂರು ವರ್ಷ ತುಂಬಿದ ಜನಸಂಖ್ಯೆಯ 17.8 ಪ್ರತಿಶತ, ಅಂದರೆ ಸುಮಾರು 5,38,000 ಮಂದಿ.

ಬೆಲೆಯನ್ನು ಕುರಿತ ಕೊನೆಯ ಮಾತು ಮನುಷ್ಯರದಲ್ಲದಿರಬಹುದು. ಬಾರ್ಮತ್ ಎದುರಿನ ಫೇರ್‌ಬೋರ್ನ್ ಎಂಬ ತಗ್ಗಿನ ಊರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಹಾರಕ್ಕೆಂದೇ ಬೆಳೆದದ್ದು. ಕಡಲ ಮಟ್ಟ ಏರುತ್ತಿರುವುದರಿಂದ 2054ರ ನಂತರ ಅದರ ತಡೆಗೋಡೆಯನ್ನು ಕಾಯ್ದುಕೊಂಡು ಹೋಗುವುದು ಸಾಧ್ಯವಾಗದು ಎಂಬ ಯೋಜನೆ 2014ರಲ್ಲಿ ಬಹಿರಂಗವಾದೊಡನೆ ಅಲ್ಲಿಯ ಮನೆಗಳ ಬೆಲೆ ಕುಸಿಯಿತು. ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಕಡಲು ಎದುರಿಗೇ ಇದೆ, ಆದರೆ ಕೊಳ್ಳುವವರಿಲ್ಲ. ಅದೇ ಕೊಲ್ಲಿಯ ದಕ್ಷಿಣದಲ್ಲಿ, ಬೋರ್ತ್ ಊರಿನ ಮರಳಿನಲ್ಲಿ, ನೀರು ಇಳಿದಾಗ ಸಾವಿರಾರು ವರ್ಷಗಳ ಹಿಂದಿನ ಕಾಡಿನ ಬೊಡ್ಡೆಗಳು ಕಾಣುತ್ತವೆ. ಬಾಗಿಲು ಕಾಯುವವನು ಕುಡಿದು ಮಲಗಿದ್ದರಿಂದ ಕಡಲು ನುಗ್ಗಿ ಮುಳುಗಿದ ನಾಡೊಂದರ ಐತಿಹ್ಯ ಆ ಕೊಲ್ಲಿಯ ಸುತ್ತ ಇಂದಿಗೂ ಜೀವಂತವಾಗಿದೆ.

ಇನ್ನೊಂದು ಮಾರಾಟ

ಹಾಗಾದರೆ ಮಾರಾಟವೆಂಬುದು ಕೇಡೇ? ಹಾಗೇನೂ ಇಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. ಲೀನ್ ಪರ್ಯಾಯದ್ವೀಪದ ಉತ್ತರ ತೀರದಲ್ಲಿ, ಕಡಿದಾದ ಬೆಟ್ಟದ ಕೆಳಗೆ, ನಾಂತ್ ಗುರ್ಥೈರ್ನ್ ಎಂಬ ಕಣಿವೆಯಲ್ಲಿ ಕಲ್ಲುಗಣಿಯ ಕೆಲಸಗಾರರ ಎರಡು ಸಾಲು ಮನೆಗಳಿದ್ದವು. ಗಣಿ ಮುಚ್ಚಿ, 1950ರ ದಶಕದ ಕೊನೆಗೆ ಕೊನೆಯ ಕುಟುಂಬವೂ ಹೊರಟುಹೋಗಿ, ಮಾಡು ಕುಸಿದು ಊರು ಹಾಳು ಬಿದ್ದಿತ್ತು. ಮ್ಯಾಂಚೆಸ್ಟರ್‌ನಲ್ಲಿ ಬೆಳೆದು, ದೊಡ್ಡವನಾದ ಮೇಲೆ ವೆಲ್ಷ್ ಕಲಿತ ಕಾರ್ಲ್ ಕ್ಲೌಸ್ ಎಂಬ ವೈದ್ಯ ಆ ಭಾಗದಲ್ಲಿ ಕೆಲಸಕ್ಕೆ ಬಂದವನು, ಊರಿನವರನ್ನು ಸೇರಿಸಿ ದತ್ತಿಯೊಂದನ್ನು ಕಟ್ಟಿ, 1978ರಲ್ಲಿ ಆ ಹಾಳೂರನ್ನೇ ಕೊಂಡುಕೊಳ್ಳುವಂತೆ ಮಾಡಿದನು. 1982ರಲ್ಲಿ ಅಲ್ಲಿ ಭಾಷೆ ಕಲಿಸುವ ಮೊದಲ ತರಗತಿಗಳು ನಡೆದವು. ಅಂದಿನಿಂದ ಸಾವಿರಾರು ಮಂದಿ, ಅವರಲ್ಲಿ ತೀರದಲ್ಲಿ ಮನೆ ಕೊಂಡು ಬಂದ ಹೊರಗಿನವರೂ ಸೇರಿ, ಅದೇ ಕಲ್ಲಿನ ಮನೆಗಳಲ್ಲಿ ಉಳಿದುಕೊಂಡು ವೆಲ್ಷ್ ಕಲಿತಿದ್ದಾರೆ.

ನಾಂತ್ ಗುರ್ಥೈರ್ನ್‌ನ ಮನೆಗಳಿಗೂ ಕಡಲ ನೋಟವಿದೆ. ಮಾರುಕಟ್ಟೆಗೆ ಬಿಟ್ಟಿದ್ದರೆ ಒಳ್ಳೆಯ ಬೆಲೆಯೂ ಬರುತ್ತಿತ್ತು. ಹೊರಗಿನಿಂದ ಬಂದವನ ಮುಂದಾಳುತನದಲ್ಲಿಯೇ ಅವು ಊರಿನವರ ಭಾಷೆಗೆ ಉಳಿದವು ಎಂಬುದನ್ನು, ಮನೆ ಮಾರುವವರೂ ಕೊಳ್ಳುವವರೂ ಒಂದು ಕ್ಷಣ ಯೋಚಿಸಬೇಕು. ಕಡಲಂಚಿನ ಮನೆಯ ಹಕ್ಕುಪತ್ರದಲ್ಲಿ ಯಾರ ಹೆಸರಿದೆ ಎಂಬುದು ನೋಂದಣಿ ಕಚೇರಿಗೆ ಸೇರಿದ ವಿಷಯ. ಜನವರಿಯ ಕೊರೆಯುವ ಗಾಳಿಯಲ್ಲಿ ಆ ಮನೆಯ ಒಲೆ ಹೊತ್ತಿದೆಯೇ, ಅದರ ಮಗು ಊರಿನ ಶಾಲೆಗೆ ಹೋಗುತ್ತದೆಯೇ ಎಂಬುದು ಆ ಊರಿಗೆ ಸೇರಿದ್ದು.